ಮಣಿಕಟ್ಟಿನ ಮೇಲೆ ಅಜ್ಜಿಯ ಅಕ್ಷರ: ಕ್ರೈಸ್ತರು ಟ್ಯಾಟೂ ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ಪಾಸ್ಟರ್ ಅವರಿಗೆ ನಮಸ್ಕಾರ. ನನಗೆ 25 ವರ್ಷ. ಕೆಲಸದಲ್ಲಿದ್ದೇನೆ. ಭಾನುವಾರ ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಅಂದರೆ ಅಮ್ಮನ ಅಮ್ಮ, ಎಂಟು ತಿಂಗಳ ಹಿಂದೆ ತೀರಿಕೊಂಡರು. ಅವರ ಹಳೇ ಬೈಬಲ್‌ನಲ್ಲಿ "ನನ್ನ ಕೃಪೆಯೇ ನಿನಗೆ ಸಾಕು" ಅನ್ನೋ ವಚನದ ಪಕ್ಕ ಪೆನ್ಸಿಲ್‌ನಲ್ಲಿ "ಸಾಕು" ಅಂತ ಒಂದೇ ಪದ ಬರೆದಿದ್ದಾರೆ. ಅದೇ ಅಕ್ಷರವನ್ನು, ಮೇಲೊಂದು ಪುಟ್ಟ ಶಿಲುಬೆ ಸೇರಿಸಿ, ಬಲ ಮಣಿಕಟ್ಟಿನ ಒಳಗಡೆ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತ ಆಸೆ. ಅಮ್ಮ ಯಾಜಕಕಾಂಡ 19:28 ತೋರಿಸಿ "ಬೈಬಲ್ಲೇ ಬೇಡ ಅಂದಿದೆ" ಅಂತಾರೆ. ಪ್ರಾರ್ಥನಾ ಕೂಟದ ಆಂಟಿಯೊಬ್ಬರು "ಬಲಗೈ ಮೇಲೆ ಗುರುತು ಅಂದ್ರೆ 666, ಹುಷಾರು" ಅಂದರು. ಯೂತ್ ಗ್ರೂಪ್‌ನ ಗೆಳೆಯ "ಅದೆಲ್ಲ ಹಳೇ ಒಡಂಬಡಿಕೆ, ಯೇಸುವಿನ ತೊಡೆ ಮೇಲೇ ಟ್ಯಾಟೂ ಇದೆ, ಪ್ರಕಟನೆ ಓದು" ಅಂತಾನೆ. ಯಾರ ಮಾತು ಸರಿ? ಅಮ್ಮನಿಗೆ ಹೇಳದೆ ಹಾಕಿಸಿಕೊಂಡುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಟ್ಯಾಟೂ ಪಾಪವಾ ಅನ್ನೋದು ಒಂದು. ಅಮ್ಮನ ಕಣ್ಣು ತಪ್ಪಿಸಿ ಹಾಕಿಸಿಕೊಳ್ಳಲಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಪಾಪ ಅಲ್ಲ. ಎರಡನೆಯದಕ್ಕೆ: ಬೇಡ. ಇಷ್ಟು ಹೇಳಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ನಾಳೆ ಆ ಮೂವರೂ ಅದೇ ವಚನಗಳನ್ನು ಹಿಡಿದು ಬಂದಾಗ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸಭಾಪಾಲಕ, ಜೊತೆಗೆ ಬಹಳ ವರ್ಷಗಳಿಂದ ಹಳೇ ಒಡಂಬಡಿಕೆ ಪಾಠ ಮಾಡುವವನು. ಈ ವಚನ ಹಿಡಿದು ನನ್ನ ಮುಂದೆ ಕೂತು ಅತ್ತ ಮಕ್ಕಳನ್ನೂ ನೋಡಿದ್ದೇನೆ, ಅಪ್ಪ ಅಮ್ಮಂದಿರನ್ನೂ ನೋಡಿದ್ದೇನೆ.

ಅಮ್ಮನ ವಚನದಿಂದಲೇ ಶುರುಮಾಡೋಣ. ಯಾಜಕಕಾಂಡ 19:28ರಲ್ಲಿ ಎರಡು ಮಾತುಗಳಿವೆ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ ಅನ್ನೋದು ಮೊದಲನೆಯದು. ಮೈಮೇಲೆ ಗುರುತು ಹಾಕಿಸಿಕೊಳ್ಳಬೇಡಿ ಅನ್ನೋದು ಎರಡನೆಯದು. ಕೊನೆಗೆ ಸಹಿ ಹಾಕಿದ ಹಾಗೆ "ನಾನು ಯೆಹೋವನು" ಅಂತಿದೆ. ಎರಡನೇ ಮಾತಿಗೆ ಮೂಲ ಹೀಬ್ರೂನಲ್ಲಿ "ಕೆತೊವೆತ್ ಕಅಕಾ" ಅಂತಿದೆ. "ಕೆತೊವೆತ್" ಅಂದರೆ ಬರಹ. "ಕಅಕಾ" ಅನ್ನೋ ಪದ ಹೀಬ್ರೂ ಬೈಬಲ್‌ನಲ್ಲಿ ಇಲ್ಲಿ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲ. ಇದನ್ನೇ ಹಿಡಿದುಕೊಂಡು "ಅದು ಟ್ಯಾಟೂನೇ ಅಲ್ಲ, ಏನೋ ಬಣ್ಣ ಬಳಿಯೋದು" ಅಂತ ವಾದ ಮಾಡುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಕ್ರಿ.ಶ. 200ರ ಸುಮಾರಿಗೆ ಯೆಹೂದಿ ಗುರುಗಳು ಕಲೆಹಾಕಿದ ಮಿಷ್ನಾದಲ್ಲಿ ಇದರ ಬಗ್ಗೆ ಸ್ಪಷ್ಟ ಚರ್ಚೆ ಇದೆ. ಚರ್ಮ ಚುಚ್ಚಬೇಕು, ಮಸಿಯೂ ತುಂಬಬೇಕು, ಎರಡೂ ಸೇರಿದರೆ ಮಾತ್ರ ತಪ್ಪು ಪೂರ್ತಿಯಾಗುತ್ತದೆ ಅಂತ ಅವರು ಹೇಳಿದರು. ಇವತ್ತು ನಾವು ಟ್ಯಾಟೂ ಅನ್ನೋದು ಅದನ್ನೇ. ಹಾಗಾಗಿ ಅಮ್ಮ ತಪ್ಪು ವಚನವನ್ನೇನೂ ತೋರಿಸಿಲ್ಲ.

ಹಾಗಾದರೆ ದೇವರು ಇದನ್ನು ಯಾಕೆ ಬೇಡ ಅಂದರು? ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎಷ್ಟೋ ವರ್ಷ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಹೀಗೆ: ಸುತ್ತಮುತ್ತಲಿನ ಜನ ಸತ್ತವರಿಗಾಗಿ ಶೋಕಿಸುವಾಗ ಮೈ ಕೊಯ್ದು ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು, ಅದನ್ನು ಅನುಕರಿಸಬಾರದು ಅಂತ ದೇವರು ತಡೆದರು, ಅಷ್ಟೇ, ಇವತ್ತಿನ ಟ್ಯಾಟೂಗೂ ಅದಕ್ಕೂ ಸಂಬಂಧವಿಲ್ಲ. ಕೇಳುವವರಿಗೆ ಹಾಯಾಗಿತ್ತು, ನನಗೂ ಹಾಯಾಗಿತ್ತು. ನಿಮ್ಮ ಗೆಳೆಯನಂಥವರು ಹೇಳೋದೂ ಬಹುಪಾಲು ಇದನ್ನೇ.

ಆಮೇಲೆ ಕೂತು ಸರಿಯಾಗಿ ನೋಡಿದಾಗ ಅರ್ಧ ಮಾತ್ರ ಸರಿ ಅನ್ನಿಸಿತು. ಶೋಕಕ್ಕೆ ಮೈ ಕೊಯ್ದುಕೊಳ್ಳುವ ರೂಢಿ ಇದ್ದದ್ದು ನಿಜ. ಧರ್ಮೋಪದೇಶಕಾಂಡ 14:1ರಲ್ಲಿ ಅದೇ ಎಚ್ಚರಿಕೆ ಮತ್ತೆ ಬರುತ್ತದೆ. ಯೆರೆಮೀಯನ ಕಾಲದಲ್ಲೂ ಜನ ಹಾಗೆ ಮಾಡುತ್ತಿದ್ದರು. 1 ಅರಸುಗಳು 18ರಲ್ಲಿ ಬಾಳ ಅನ್ನೋ ಅನ್ಯದೇವರ ಪ್ರವಾದಿಗಳು ರಕ್ತ ಸುರಿಯುವ ತನಕ ಕೊಯ್ದುಕೊಳ್ಳುತ್ತಾರೆ, ಅದು ಶೋಕಕ್ಕಲ್ಲ, ಆ ದೇವರ ಗಮನ ಸೆಳೆಯೋದಕ್ಕೆ. ಆದರೆ "ಸತ್ತವರಿಗಾಗಿ" ಅನ್ನೋ ಪದ ನಮ್ಮ ವಚನದಲ್ಲಿ ಅಂಟಿಕೊಂಡಿರೋದು ಕೊಯ್ಯುವ ಮಾತಿಗೆ. ಗುರುತಿನ ಮಾತಿಗೆ ಅದು ಅಂಟಿಕೊಂಡಿಲ್ಲ.

ಆ ಕಾಲದಲ್ಲಿ ಮೈಮೇಲಿನ ಗುರುತಿಗೆ ಬೇರೊಂದು ಕೆಲಸ ಇತ್ತು. ಕ್ರಿ.ಪೂ. 12ನೇ ಶತಮಾನದ ಈಜಿಪ್ಟಿನ ರಾಜ ಮೂರನೇ ರಾಮ್‌ಸೆಸ್ ಮೆದಿನೆತ್ ಹಾಬುವಿನ ತನ್ನ ದೇವಾಲಯದ ಗೋಡೆಯ ಮೇಲೆ ಯುದ್ಧ ಕೈದಿಗಳಿಗೆ ಮುದ್ರೆ ಹಾಕುವುದನ್ನು ಕೆತ್ತಿಸಿದ್ದಾನೆ. ಬಾಬಿಲೋನಿನ ಊರುಕ್ ಪಟ್ಟಣದಲ್ಲಿ ಇಷ್ಟಾರ್ ದೇವಿಯ ಗುಡಿಗೆ ಸೇರಿದ ಗುಲಾಮರ ಕೈಮೇಲೆ ನಕ್ಷತ್ರದ ಗುರುತು ಇರುತ್ತಿತ್ತು. ಗುರುತು ನೋಡಿದ ತಕ್ಷಣ ಈ ಮನುಷ್ಯ ಯಾರ ಸ್ವತ್ತು ಅಂತ ಗೊತ್ತಾಗುತ್ತಿತ್ತು. ಓಡಿಹೋದರೂ ಚರ್ಮ ಹೇಳಿಕೊಡುತ್ತಿತ್ತು.

ಈಗ ಯಾಜಕಕಾಂಡವನ್ನು ಕೇಳುತ್ತಿದ್ದ ಜನ ಯಾರು ಅಂತ ಯೋಚಿಸಿ. ಆಗಷ್ಟೇ ಈಜಿಪ್ಟಿನ ಗುಲಾಮಗಿರಿಯಿಂದ ಹೊರಗೆ ಬಂದವರು. ಅವರಿಗೆ "ಮೈಮೇಲೆ ಗುರುತು ಬೇಡ, ನಾನು ಯೆಹೋವನು" ಅಂದರೆ ಏನು ಕೇಳಿಸಿರಬೇಕು? ಇನ್ನು ನಿನ್ನ ಚರ್ಮದ ಮೇಲೆ ಯಾರ ಮುದ್ರೆಯೂ ಬೀಳಬಾರದು, ನೀನು ಯಾರ ಆಸ್ತಿಯೂ ಅಲ್ಲ, ನನ್ನವನು. ನನಗೆ ಈಗ ಈ ಓದು ಹೆಚ್ಚು ಸರಿ ಅನ್ನಿಸುತ್ತದೆ. ಎಲ್ಲ ಪಂಡಿತರೂ ಇದನ್ನು ಒಪ್ಪುತ್ತಾರೆ ಅಂತಲ್ಲ. ಶೋಕದ ವಿವರಣೆಯನ್ನೇ ಹಿಡಿದುಕೊಂಡವರು ಈಗಲೂ ಇದ್ದಾರೆ.

"ಇದು ಹಳೇ ಒಡಂಬಡಿಕೆ, ನಮಗೆ ಯಾಕೆ" ಅನ್ನೋ ಮಾತಿಗೆ ಬರೋಣ. ಅದೇ 19ನೇ ಅಧ್ಯಾಯದಲ್ಲಿ ಒಂದು ಪುಟ ಹಿಂದೆ ಮುಂದೆ ತಿರುಗಿಸಿ. 18ನೇ ವಚನ: ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಇದನ್ನು ಯೇಸುವೇ ಎತ್ತಿ ಹೇಳಿದ್ದಾರೆ. ಅದರ ಪಕ್ಕದಲ್ಲೇ 19ನೇ ವಚನ: ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಹಾಕಬೇಡ. ಉಣ್ಣೆಯನ್ನೂ ನಾರುಬಟ್ಟೆಯ ನೂಲನ್ನೂ ಬೆರೆಸೋದು ಅಂತ ಧರ್ಮೋಪದೇಶಕಾಂಡ 22:11 ಬಿಡಿಸಿ ಹೇಳುತ್ತದೆ. 27: ಗಡ್ಡದ ಅಂಚು ಕತ್ತರಿಸಬೇಡ. 29: ಮಗಳನ್ನು ವೇಶ್ಯಾವೃತ್ತಿಗೆ ತಳ್ಳಬೇಡ. 31: ಸತ್ತವರನ್ನು ಮಾತಾಡಿಸುವವರ ಹತ್ತಿರ ಹೋಗಬೇಡ. ನೋಡಿ, ಇದರಲ್ಲಿ ಯಾವುದು ನೀತಿ, ಯಾವುದು ಆಚರಣೆ ಅಂತ ಪುಟದ ಮೇಲೆ ಬಣ್ಣ ಬಳಿದು ಗುರುತು ಮಾಡಿಲ್ಲ. 28ನ್ನು ಮಾತ್ರ ಹಿಡಿದು, ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿಕೊಂಡು ಪುಲ್ಪಿಟ್ ಹತ್ತುವ ನನ್ನಂಥ ಪಾಸ್ಟರ್ 27ಕ್ಕೆ ಏನು ಹೇಳಬೇಕು? ಹಾಗಂತ "ಹಳೇದು" ಅಂತ ಎಲ್ಲವನ್ನೂ ಒಟ್ಟಿಗೆ ಗುಡಿಸಿ ಆಚೆ ಹಾಕಿದರೆ 18ನೇ ವಚನವೂ ಕಸದ ಜೊತೆ ಹೋಗುತ್ತದೆ.

ಮೊದಲ ಶತಮಾನದ ಕ್ರೈಸ್ತ ಸಭೆಗೂ ಇದೇ ತಲೆನೋವು ಇತ್ತು. ಯೆಹೂದ್ಯರಲ್ಲದವರು ವಿಶ್ವಾಸಕ್ಕೆ ಬಂದಾಗ ಮೋಶೆಯ ನಿಯಮ ಎಷ್ಟು ಹೇರಬೇಕು ಅಂತ ಯೆರೂಸಲೇಮಿನಲ್ಲಿ ಕೂತು ಮಾತಾಡಿದರು. ಅಪೊಸ್ತಲರ ಕೃತ್ಯಗಳು 15ರಲ್ಲಿ ಅವರು ಕೊಟ್ಟ ಪಟ್ಟಿ ಬಹಳ ಚಿಕ್ಕದು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಗಡ್ಡ ಇಲ್ಲ, ಬಟ್ಟೆ ಇಲ್ಲ, ಮೈಮೇಲಿನ ಗುರುತೂ ಇಲ್ಲ. ಆದ್ದರಿಂದ 19:28 ಕ್ರೈಸ್ತರ ಮೇಲೆ ಕಾನೂನಾಗಿ ಕೂರುವುದಿಲ್ಲ ಅಂತ ನಾನು ಹೇಳುತ್ತೇನೆ. ಆದರೆ ಅದು ಕೇಳುವ ಪ್ರಶ್ನೆ, ಅಂದರೆ ಈ ಗುರುತು ನಿನ್ನನ್ನು ಯಾರವಳು ಅಂತ ಹೇಳುತ್ತೆ ಅನ್ನೋದು, ಇನ್ನೂ ಜೀವಂತ ಇದೆ.

ಅಮ್ಮ ಇನ್ನೊಂದು ವಚನವನ್ನೂ ಎತ್ತುತ್ತಾರೆ ಅಂತ ನನ್ನ ಅಂದಾಜು. 1 ಕೊರಿಂಥ 6:19, ನಿಮ್ಮ ದೇಹ ಪವಿತ್ರಾತ್ಮನ ಆಲಯ. ಸಿಗರೇಟು, ಬೊಜ್ಜು, ಕಿವಿಯೋಲೆ, ಎಲ್ಲದಕ್ಕೂ ಇದನ್ನು ಬಳಸಿಬಿಟ್ಟಿದ್ದೇವೆ. ಪೌಲ ಅಲ್ಲಿ ಮಾತಾಡುತ್ತಿರೋದು ವೇಶ್ಯೆಯರ ಹತ್ತಿರ ಹೋಗುವ ಗಂಡಸರ ಬಗ್ಗೆ. ಟ್ಯಾಟೂ ಅಲ್ಲಿ ವಿಷಯವೇ ಅಲ್ಲ. ಆಲಯ ಅಂದ ಮಾತ್ರಕ್ಕೆ ಗೋಡೆ ಖಾಲಿ ಇರಬೇಕು ಅಂತಲೂ ಇಲ್ಲ, ಸೊಲೊಮೋನನ ದೇವಾಲಯದ ಗೋಡೆ ತುಂಬ ಕೆರೂಬಿ (ರೆಕ್ಕೆಯ ದೇವದೂತರು), ಖರ್ಜೂರದ ಮರ, ಹೂವಿನ ಕೆತ್ತನೆ ಇತ್ತು. ಆದರೆ ಪೌಲ ಮುಂದೆ ಒಂದು ಮಾತು ಸೇರಿಸುತ್ತಾನೆ: ನೀವು ನಿಮ್ಮ ಸ್ವಂತದವರಲ್ಲ, ದೇವರು ನಿಮ್ಮನ್ನು ಕ್ರಯಕೊಟ್ಟು ಕೊಂಡಿದ್ದಾರೆ. "ನನ್ನ ಮೈ, ನನ್ನಿಷ್ಟ" ಅನ್ನೋ ವಾದ ಕ್ರೈಸ್ತರ ಬಾಯಲ್ಲಿ ಅಷ್ಟು ಸಲೀಸಾಗಿ ಬರಬಾರದು. ತಿರುಗಿ ಅದೇ ಯಾರವರು ಅನ್ನೋ ಪ್ರಶ್ನೆಗೇ ಬಂದೆವು, ಅಲ್ವಾ?

ಆಂಟಿಯ 666 ವಿಷಯ ಬೇಗ ಮುಗಿಸುತ್ತೇನೆ. 666 ಅನ್ನೋದು ಬೈಬಲ್‌ನ ಕೊನೇ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿ ಬರುವ, ದೇವರಿಗೆ ವಿರುದ್ಧ ನಿಂತ ಮೃಗದ ಸಂಖ್ಯೆ. ಆ ಮೃಗದ ಗುರುತು ಬಲಗೈಗೋ ಹಣೆಗೋ ಬೀಳುತ್ತದೆ ನಿಜ. ಅದನ್ನು ಹಾಕಿಸಿಕೊಳ್ಳುವವರು ಮೃಗವನ್ನು ಆರಾಧಿಸುವವರು, ಗುರುತಿಲ್ಲದವರು ಕೊಂಡುಮಾರುವಂತಿಲ್ಲ ಅಂತಲೂ ಅಲ್ಲೇ ಇದೆ. ಯಾರೂ ಗೊತ್ತಿಲ್ಲದೆ, ಅಜ್ಜಿಯ ಪ್ರೀತಿಗೆ ಅಂತ ಹೋಗಿ, ಮೃಗಕ್ಕೆ ಸೇರಿಬಿಡುವುದಿಲ್ಲ. ಪುಟ ತಿರುಗಿಸಿದರೆ 14:1ರಲ್ಲಿ ಕುರಿಮರಿಯ, ಅಂದರೆ ಯೇಸುವಿನ, ಜೊತೆ ನಿಂತವರ ಹಣೆ ಮೇಲೂ ಹೆಸರು ಬರೆದಿದೆ. ಆಂಟಿ ಆ ಪುಟವನ್ನೂ ಓದಲಿ.

ಗೆಳೆಯನಿಗೂ ಒಂದು ಮಾತು. ಪ್ರಕಟನೆ 19:16ರಲ್ಲಿ ವಸ್ತ್ರದ ಮೇಲೂ ತೊಡೆಯ ಮೇಲೂ "ರಾಜಾಧಿರಾಜ" ಅನ್ನೋ ಹೆಸರು ಬರೆದಿತ್ತು ಅಂತಿದೆ. ತೊಡೆಯ ಮೇಲೆ ಬೀಳುವ ಬಟ್ಟೆಯ ಭಾಗ ಅಂತ ಓದುವವರು ಬಹಳ ಜನ ಇದ್ದಾರೆ. ಅದಕ್ಕಿಂತ ಮುಖ್ಯವಾಗಿ ಅದು ದರ್ಶನ. ಅದೇ ದರ್ಶನದಲ್ಲಿ ಅವರ ಬಾಯಿಂದ ಕತ್ತಿ ಹೊರಬರುತ್ತದೆ. ಕತ್ತಿಯನ್ನು ಹಾಗೇ ತೆಗೆದುಕೊಳ್ಳದವನು ಟ್ಯಾಟೂವನ್ನು ಮಾತ್ರ ಹಾಗೇ ತೆಗೆದುಕೊಂಡರೆ ಅದು ವ್ಯಾಖ್ಯಾನ ಅಲ್ಲ, ತನಗೆ ಬೇಕಾದ್ದನ್ನು ಹುಡುಕಿಕೊಂಡದ್ದು.

ಬೈಬಲ್‌ನಲ್ಲಿ ನಿಜಕ್ಕೂ ನಿಮ್ಮ ಆಸೆಗೆ ಹತ್ತಿರ ಬರುವ ವಚನ ಬೇರೆ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಯೆಶಾಯ 44:5. ದೇವರು ತನ್ನ ಜನರನ್ನು ತಿರುಗಿ ಕೂಡಿಸುವ ದಿನ ಒಬ್ಬ "ನಾನು ಯೆಹೋವನವನು" ಅಂತಾನೆ, ಇನ್ನೊಬ್ಬ ಅದನ್ನೇ ಕೈಮೇಲೆ ಬರೆದುಕೊಳ್ಳುತ್ತಾನೆ. ಹೀಬ್ರೂ ಮಾತನ್ನು "ಕೈಯಿಂದ ಬರೆಯುತ್ತಾನೆ" ಅಂತಲೂ ಓದಬಹುದು, ಅದಕ್ಕೇ ಇದನ್ನು ನಾನು ಪುರಾವೆ ಅಂತ ಮೇಜು ಕುಟ್ಟಿ ಹೇಳುವುದಿಲ್ಲ. ಇನ್ನೊಂದು ಗಲಾತ್ಯ 6:17. ಯೇಸುವಿನ ಗುರುತುಗಳು ನನ್ನ ಮೈಮೇಲಿವೆ ಅಂತಾನೆ ಪೌಲ. ಗ್ರೀಕಿನಲ್ಲಿ ಅವನು ಬಳಸಿದ ಪದ "ಸ್ತಿಗ್ಮಾತಾ", ಅಂದರೆ ಗುಲಾಮರಿಗೂ ಅಪರಾಧಿಗಳಿಗೂ ಚುಚ್ಚಿ ಹಾಕುತ್ತಿದ್ದ ಗುರುತಿನ ಹೆಸರು. ಅವನ ಮೈಮೇಲೆ ಇದ್ದದ್ದು ಟ್ಯಾಟೂ ಅಲ್ಲ, ಛಡಿಯ, ಕಲ್ಲಿನ ಏಟಿನ ಗಾಯದ ಕಲೆ. ಆದರೆ ಪದವನ್ನು ಬೇಕಂತಲೇ ಆರಿಸಿಕೊಂಡಿದ್ದಾನೆ: ಈ ಕಲೆ ನೋಡಿದರೆ ನಾನು ಯಾರ ಆಳು ಅಂತ ಗೊತ್ತಾಗುತ್ತೆ.

ಆ ರೋಮನ್ ಗುರುತು ಎಷ್ಟು ಕ್ರೂರ ಇತ್ತು ಅಂದರೆ ಶಿಕ್ಷೆಗೆ ಒಳಗಾದವರ ಮುಖಕ್ಕೇ ಹಾಕುತ್ತಿದ್ದರು. ಕ್ರಿ.ಶ. 316ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಅದನ್ನು ನಿಲ್ಲಿಸಿದ. ಸ್ವರ್ಗದ ಸೌಂದರ್ಯದ ಹೋಲಿಕೆಯಲ್ಲಿ ರೂಪಿಸಿದ ಮುಖವನ್ನು ಕೆಡಿಸಬಾರದು ಅನ್ನೋದು ಅವನು ಕೊಟ್ಟ ಕಾರಣ. ಕೈಗೆ, ಮೀನಖಂಡಕ್ಕೆ ಹಾಕಬಹುದು ಅಂತ ಬಿಟ್ಟುಕೊಟ್ಟ, ಅದೇನು ದೊಡ್ಡ ಕರುಣೆ ಅಲ್ಲ ಅನ್ನಿ. ಆದರೆ ಮುಂದಿನ ಇನ್ನೂರು ವರ್ಷದೊಳಗೆ ವಿಷಯ ಮಗುಚಿಕೊಂಡಿತು. ಗಾಜಾದ ಪ್ರೊಕೋಪಿಯಸ್ ಅನ್ನೋ ಕ್ರೈಸ್ತ ವ್ಯಾಖ್ಯಾನಕಾರ ಇದೇ ಯೆಶಾಯ 44ರ ಬಗ್ಗೆ ಬರೆಯುತ್ತಾ, ಎಷ್ಟೋ ಜನ ಮಣಿಕಟ್ಟಿಗೋ ತೋಳಿಗೋ ಶಿಲುಬೆ ಅಥವಾ ಕ್ರಿಸ್ತನ ಹೆಸರು ಹಾಕಿಸಿಕೊಳ್ಳುತ್ತಾರೆ ಅಂತ ಹೇಳಿದ್ದಾನೆ. ಅವಮಾನದ ಗುರುತನ್ನೇ ತಾವಾಗಿ ಎತ್ತಿಕೊಂಡರು. ಶಿಲುಬೆಯೂ ಹಾಗೇ ತಾನೇ ಬಂದದ್ದು?

"ಸಭೆ ಯಾವಾಗಲೂ ಟ್ಯಾಟೂ ನಿಷೇಧಿಸಿತ್ತು" ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ. 8ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ನಾರ್ತಂಬ್ರಿಯಾದಲ್ಲಿ ಪೋಪರ ಪ್ರತಿನಿಧಿಗಳು ಸೇರಿದ್ದ ಸಮಾವೇಶ ಅನ್ಯದೇವರ ರೂಢಿಯಂತೆ ಹಚ್ಚೆ ಹಾಕಿಸಿಕೊಳ್ಳೋದನ್ನು ಖಂಡಿಸಿತು. ದೇವರಿಗಾಗಿ ಆ ನೋವು ತಿಂದವನಿಗಾದರೆ ಪ್ರತಿಫಲ ಇದೆ ಅಂತಲೂ ಸೇರಿಸಿತು. ಯೆರೂಸಲೇಮಿಗೆ ಹೋದ ಯಾತ್ರಿಕರು ಶತಮಾನಗಟ್ಟಲೆ ಅಲ್ಲಿ ಹಚ್ಚೆ ಹಾಕಿಸಿಕೊಂಡು ಬಂದಿದ್ದಾರೆ. ಮರದ ಅಚ್ಚನ್ನು ಮಸಿಯಲ್ಲಿ ಅದ್ದಿ ಚರ್ಮದ ಮೇಲೆ ಒತ್ತುವುದು, ಆ ಗೆರೆಯ ಮೇಲೆ ಸೂಜಿ ಓಡಿಸುವುದು. ಮುಂದೆ ಏಳನೇ ಎಡ್ವರ್ಡ್ ರಾಜನಾದ ಬ್ರಿಟನ್ನಿನ ಯುವರಾಜ 1862ರಲ್ಲಿ ಅಲ್ಲಿ ಶಿಲುಬೆ ಹಾಕಿಸಿಕೊಂಡಿದ್ದ. ತುರ್ಕರ ಆಳ್ವಿಕೆಯಲ್ಲಿದ್ದ ಬೋಸ್ನಿಯಾದ ಕ್ಯಾಥೊಲಿಕ್ ಹೆಂಗಸರ ಕೈತುಂಬ ಶಿಲುಬೆ ಇರುತ್ತಿತ್ತು. ಇಥಿಯೋಪಿಯಾ, ಎರಿಟ್ರಿಯಾದ ಕ್ರೈಸ್ತರಲ್ಲಿ ಹಣೆ ಮೇಲಿನ ಶಿಲುಬೆ ಇವತ್ತಿಗೂ ಕಾಣುತ್ತದೆ. 2018ರಲ್ಲಿ ಪೋಪ್ ಫ್ರಾನ್ಸಿಸ್ ಯುವಜನರ ಜೊತೆ ಮಾತಾಡುವಾಗ ಇವರನ್ನೇ ನೆನೆದು, ಟ್ಯಾಟೂ ಕಂಡು ಹೆದರಬೇಡಿ, ಅತಿ ಆಗಬಾರದು ಅಷ್ಟೇ ಅನ್ನೋ ಅರ್ಥದಲ್ಲಿ ಹೇಳಿದ್ದರು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಒಮ್ಮತವಿಲ್ಲ, ಒಂದೊಂದು ಸಭೆಗೆ ಒಂದೊಂದು ಮಾತು.

ನಾನು ಮರೆಯದ ಒಂದು ಶಿಲುಬೆ ಇದೆ. ಒಂದು ಸಮ್ಮೇಳನದಲ್ಲಿ ಕಾಪ್ಟಿಕ್, ಅಂದರೆ ಈಜಿಪ್ಟಿನ ಪುರಾತನ ಕ್ರೈಸ್ತ ಸಭೆಯ, ಪಾದ್ರಿಯೊಬ್ಬರು ನನ್ನ ಪಕ್ಕ ಕೂತಿದ್ದರು. ನೀರಿನ ಲೋಟ ಎತ್ತಿದಾಗ ಅವರ ಅಂಗಿಯ ತೋಳು ಹಿಂದೆ ಸರಿಯಿತು. ಬಲ ಮಣಿಕಟ್ಟಿನ ಒಳಗೆ, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಶಿಲುಬೆ. ಕಪ್ಪು ಬಣ್ಣ ಹೋಗಿ ನೀಲಿ ಹಸಿರಾಗಿತ್ತು. ಅಂಚು ಕದಡಿ, ಒಂದು ತೋಳು ಇನ್ನೊಂದಕ್ಕಿಂತ ದಪ್ಪಗಿತ್ತು. ಯಾವಾಗ ಹಾಕಿಸಿಕೊಂಡಿರಿ ಅಂತ ಕೇಳಿದೆ. "ನೆನಪಿಲ್ಲ, ನಾನಾಗ ಕೂಸು. ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಿದ್ದರಂತೆ" ಅಂದರು. ಅಲ್ಪಸಂಖ್ಯಾತರಾಗಿ ಬದುಕುವ ಆ ಜನಕ್ಕೆ ಅದು ಫ್ಯಾಷನ್ ಅಲ್ಲ. ಒಮ್ಮೆ ಹಾಕಿದ ಮೇಲೆ ನಾನು ಕ್ರೈಸ್ತನಲ್ಲ ಅಂತ ಹೇಳೋಕೆ ಆಗಲ್ಲ, ಅಷ್ಟೇ. ನಿಮ್ಮ ಪತ್ರದಲ್ಲಿ "ಬಲ ಮಣಿಕಟ್ಟಿನ ಒಳಗಡೆ" ಅಂತ ಓದಿದಾಗ ನನಗೆ ನೆನಪಾದದ್ದು ಆ ಕೈ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಟ್ಯಾಟೂಗೆ ಬರೋಣ. ಶಿಲುಬೆ, ಕೆಳಗೆ ಕೃಪೆಯ ವಚನದ ಕೊನೇ ಪದ. ಇದು ನಿಮ್ಮನ್ನು ಬೇರೆ ಯಾರಿಗೂ ಮಾರುವುದಿಲ್ಲ. ಆದರೆ ಇದರಲ್ಲಿ ಶೋಕವೂ ಬೆರೆತಿದೆ, ಅದನ್ನು ಒಪ್ಪಿಕೊಳ್ಳಿ. ಎಂಟು ತಿಂಗಳು ಅಂದರೆ ಗಾಯ ಇನ್ನೂ ಹಸಿ. ಹಳೇ ಕಾಲದವರು ಯಾಕೆ ಮೈ ಕೊಯ್ದುಕೊಳ್ಳುತ್ತಿದ್ದರು ಅಂತ ನನಗೆ ಸ್ವಲ್ಪ ಅರ್ಥವಾಗುತ್ತದೆ. ಒಳಗಿನ ನೋವು ಹೊರಗೆ ಕಾಣಬೇಕು, ಎಲ್ಲಾದರೂ ಉಳಿಯಬೇಕು ಅನ್ನಿಸುತ್ತದೆ. ಅಜ್ಜಿ ಮರೆತುಹೋಗುತ್ತಾರೇನೋ ಅನ್ನೋ ಭಯದಿಂದ ಇದನ್ನು ಮಾಡುತ್ತಿದ್ದೀರಾ? ಹಾಗಿದ್ದರೆ ಸೂಜಿ ಆ ಭಯವನ್ನು ತೆಗೆಯುವುದಿಲ್ಲ. ಭಯ ಹೋದ ಮೇಲೂ ಆಸೆ ಉಳಿದಿದ್ದರೆ ಅದು ಬೇರೆ ಮಾತು.

ಅಮ್ಮನ ವಿಷಯದಲ್ಲಿ ನೀವು ಒಂದು ಸಂಗತಿ ಬರೆದಿದ್ದೀರಿ, ಆದರೆ ಗಮನಿಸಿದ ಹಾಗೆ ಕಾಣಲಿಲ್ಲ. ತೀರಿಕೊಂಡವರು ನಿಮಗೆ ಅಜ್ಜಿ, ಅವರಿಗೆ ಅಮ್ಮ. ಅವರೂ ಎಂಟು ತಿಂಗಳಿಂದ ಅದೇ ಮನೆಯಲ್ಲಿ ಅದೇ ಖಾಲಿ ಕುರ್ಚಿ ನೋಡುತ್ತಿದ್ದಾರೆ. ಯಾಜಕಕಾಂಡ ತೋರಿಸುವವರು ಯಾವಾಗಲೂ ಯಾಜಕಕಾಂಡದ ಬಗ್ಗೆಯೇ ಮಾತಾಡುತ್ತಿರುವುದಿಲ್ಲ. ನನ್ನ ಅನುಭವದಲ್ಲಿ ಎಷ್ಟೋ ಸಲ ವಚನದ ಹಿಂದೆ "ನನ್ನ ಮಗಳ ಮೈಮೇಲೆ ಗಾಯ ಆಗಬಾರದು", "ಜನ ಏನಂದುಕೊಳ್ಳುತ್ತಾರೆ", "ಇವಳು ನನ್ನ ಕೈ ತಪ್ಪಿಹೋಗುತ್ತಿದ್ದಾಳೆ" ಅನ್ನೋದೇ ಇರುತ್ತದೆ. ನಿಮ್ಮ ಅಮ್ಮನದು ಯಾವುದು ಅಂತ ಇಲ್ಲಿ ಕೂತು ನಾನು ಹೇಳಲಾರೆ. ನೀವು ಕೇಳಬಹುದು.

25 ವರ್ಷದ ಮಗಳಿಗೆ ಅಮ್ಮನ ಅನುಮತಿ ಚೀಟಿ ಬೇಕಿಲ್ಲ. ಅಪ್ಪ ಅಮ್ಮನನ್ನು ಗೌರವಿಸು ಅಂದರೆ ಕೊನೆತನಕ ಅವರು ಬೇಡ ಅಂದದ್ದೆಲ್ಲ ಬಿಡಬೇಕು ಅಂತಲ್ಲ. ಆದರೆ ಗುಟ್ಟಾಗಿ ಮಾಡೋದು ಬೇರೆ. ಮಣಿಕಟ್ಟನ್ನು ಎಷ್ಟು ದಿನ ಮುಚ್ಚಿಡುತ್ತೀರಿ? ಒಂದು ದಿನ ಪಾತ್ರೆ ತೊಳೆಯುವಾಗ ತೋಳು ಮೇಲೇರುತ್ತದೆ, ಅಮ್ಮ ನೋಡುತ್ತಾರೆ. ಆಮೇಲೆ ಆ ಪದ ನೋಡಿದಾಗಲೆಲ್ಲ ಅವರಿಗೆ ತಮ್ಮ ಅಮ್ಮನ ಕೈಬರಹ ಕಾಣೋದಿಲ್ಲ, ಮಗಳು ಮುಚ್ಚಿಟ್ಟದ್ದು ಕಾಣುತ್ತದೆ. ಸುಮ್ನೆ ಅಜ್ಜಿಯ ಅಕ್ಷರವನ್ನು ಜಗಳದ ಗುರುತು ಮಾಡಿದ ಹಾಗಾಗುತ್ತದೆ.

ಇನ್ನು "ಎಡವುಗಲ್ಲು". ಯಾರಿಗಾದರೂ ಬೇಜಾರಾದರೆ "ನೀನು ಎಡವುಗಲ್ಲಾದೆ" ಅನ್ನೋದು ಸಭೆಗಳಲ್ಲಿ ಮಾಮೂಲಿ. ಪೌಲ 1 ಕೊರಿಂಥ 8ರಲ್ಲಿ, ರೋಮ 14ರಲ್ಲಿ ಹೇಳಿದ್ದು ಅದನ್ನಲ್ಲ. ನಿನ್ನನ್ನು ನೋಡಿ ಇನ್ನೊಬ್ಬ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದರೆ ಅದು ಎಡವಿದ್ದು. ಆಂಟಿಗೆ ಸಿಟ್ಟು ಬಂದರೆ ಅದು ಸಿಟ್ಟು, ಎಡವಿದ್ದಲ್ಲ. ಆಂಟಿ ಟ್ಯಾಟೂ ಅಂಗಡಿಗೆ ಹೋಗುತ್ತಾರೆ ಅಂತ ನನಗೇನೂ ಅನ್ನಿಸುವುದಿಲ್ಲ. ನಿಮ್ಮ ಸಂಡೇ ಸ್ಕೂಲ್ ಮಕ್ಕಳ ಬಗ್ಗೆ ಮಾತ್ರ ಯೋಚಿಸಿ. ಅವರು ಮೊದಲ ವಾರವೇ ಕೇಳುತ್ತಾರೆ, "ಮಿಸ್, ಇದೇನು? ನಾನೂ ಹಾಕಿಸ್ಕೊಳ್ಲಾ?" ಉತ್ತರ ರೆಡಿ ಇರಲಿ. ನಿಮ್ಮ ಸಭೆಯಲ್ಲಿ ಕಲಿಸುವವರಿಗೆ ನಿಯಮ ಇದೆಯಾ ಅಂತ ಪಾಸ್ಟರನ್ನು ಮೊದಲೇ ಕೇಳಿ. ಆಮೇಲೆ ಗೊತ್ತಾಗೋದಕ್ಕಿಂತ ಅದು ಮೇಲು. ಮತ್ತು ರೋಮ 14:23 ನಿಮಗೂ ಅನ್ವಯಿಸುತ್ತದೆ. ನಿಮ್ಮ ಮನಸ್ಸಿನ ಮೂಲೆಯಲ್ಲಿ "ಇದು ತಪ್ಪಿರಬಹುದು" ಅನ್ನೋದು ಇನ್ನೂ ಕುಟುಕುತ್ತಿದ್ದರೆ, ನಾನು ಎಷ್ಟೇ ಸರಿ ಅಂದರೂ ನಿಮಗೆ ಅದು ಸರಿಯಲ್ಲ.

ಬೇರೆಯವರ ಟ್ಯಾಟೂ ನೋಡಿ ತೀರ್ಪು ಕೊಡುವವರಿಗೂ ಹೇಳಬೇಕು. ಹೊಸದಾಗಿ ಪಾಲಕನಾಗಿದ್ದಾಗ, ತೋಳಿನ ತುಂಬ ಹಚ್ಚೆ ಇದ್ದ ಹುಡುಗನೊಬ್ಬ ಸಭೆಯ ಹಿಂದಿನ ಬೆಂಚಿಗೆ ಬಂದು ಕೂರುತ್ತಿದ್ದ. ಒಂದು ಭಾನುವಾರ ಪ್ರಸಂಗದಲ್ಲಿ ನಾನು ಇದೇ 19:28 ಓದಿ, ಹೆಸರು ಹೇಳದಿದ್ದರೂ, ಎಲ್ಲರೂ ತಿರುಗಿ ನೋಡುವ ಹಾಗೆ ಮಾತಾಡಿದೆ. ಅವನು ಅಂಗಿಯ ತೋಳನ್ನು ನಿಧಾನಕ್ಕೆ ಕೆಳಗೆ ಎಳೆದುಕೊಂಡ. ಆಮೇಲೆ ಬರಲಿಲ್ಲ. ಅವು ವಿಶ್ವಾಸಕ್ಕೆ ಬರುವ ಮುಂಚಿನವು ಅಂತ ಆಮೇಲೆ ತಿಳಿಯಿತು. ಈಗಾಗಲೇ ಟ್ಯಾಟೂ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಳಿಸಿದರೆ ಮಾತ್ರ ದೇವರು ಒಪ್ಪುತ್ತಾರೆ ಅಂತ ಯಾರು ಹೇಳಿದರೂ ನಂಬಬೇಡಿ.

ಆರೋಗ್ಯದ ವಿಷಯ ನನ್ನ ಕೆಲಸ ಅಲ್ಲ, ಆದರೂ ತಿಳಿದವರಿಂದ ಕೇಳಿ ಕಲಿತದ್ದನ್ನು ಹೇಳುತ್ತೇನೆ. ಚರ್ಮದ ಮೇಲ್ಪದರ ಉದುರಿ ಹೊಸದಾಗುತ್ತಲೇ ಇರುತ್ತದೆ. ಸೂಜಿ ಶಾಯಿಯನ್ನು ಅದರ ಕೆಳಗಿನ ಪದರಕ್ಕೆ, ಒಂದೆರಡು ಮಿಲಿಮೀಟರ್ ಆಳಕ್ಕೆ ಇಳಿಸುತ್ತದೆ. ಅಲ್ಲಿ ದೇಹದ ಕಾವಲು ಕಣಗಳು ಅದನ್ನು ನುಂಗುತ್ತವೆ, ಅರಗಿಸಲಾಗದೆ ಹಿಡಿದುಕೊಂಡೇ ಕೂರುತ್ತವೆ. ಒಂದು ಕಣ ಸತ್ತರೆ ಪಕ್ಕದ್ದು ಆ ಶಾಯಿಯನ್ನು ನುಂಗುತ್ತದೆ. ಹಾಗಾಗಿ ಅದು ಹೋಗುವುದಿಲ್ಲ, ಆದರೆ ವರ್ಷಗಳು ಕಳೆದಂತೆ ಸ್ವಲ್ಪ ಹರಡುತ್ತದೆ. ಸರಿಯಾಗಿ ಸ್ವಚ್ಛ ಮಾಡದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಅಂಟುವ ಅಪಾಯ ಇದೆ. ನಿಮ್ಮ ಮುಂದೆಯೇ ಹೊಸ ಸೂಜಿಯ ಪ್ಯಾಕೆಟ್ ಒಡೆಯದಿದ್ದರೆ ಎದ್ದು ಬನ್ನಿ. ಗಾಯ ಆದಲ್ಲಿ ದಪ್ಪಗೆ ಉಬ್ಬುವ ಚರ್ಮ ನಿಮ್ಮದಾದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲು ಚರ್ಮದ ಡಾಕ್ಟರನ್ನು ನೋಡಿ. ಅಲರ್ಜಿ ಹೆಚ್ಚಾಗಿ ಕಾಣೋದು ಕೆಂಪು ಶಾಯಿಗೆ. ರಕ್ತದಾನ ಇನ್ನು ಆಗೋದೇ ಇಲ್ಲ ಅನ್ನೋದು ಸುಳ್ಳು, ಒಂದು ವರ್ಷದ ತನಕ ಕಾಯಬೇಕಾಗಬಹುದು ಅಷ್ಟೇ. ಲೇಸರ್‌ನಲ್ಲಿ ತೆಗೆಸಬಹುದು ಅಂತ ಧೈರ್ಯ ಮಾಡಬೇಡಿ. ಎಷ್ಟೋ ಸಲ, ವಾರಗಟ್ಟಲೆ ಬಿಡುವು ಕೊಟ್ಟು ಹೋಗಬೇಕು, ಹಾಕಿಸಿದ್ದಕ್ಕಿಂತ ನೋವು ಜಾಸ್ತಿ, ಕಲೆ ಪೂರ್ತಿ ಹೋಗದೆಯೂ ಇರಬಹುದು.

ಅಕ್ಷರದ ಬಗ್ಗೆಯೂ ಒಂದು ಮಾತು. ಪೆನ್ಸಿಲ್ ಬರಹ ತೆಳು. ಅಜ್ಜಿ ಬರೆದ ಅಳತೆಯಲ್ಲೇ ಹಾಕಿಸಿದರೆ ಕೆಲವು ವರ್ಷದಲ್ಲಿ "ಸ"ದ ಹೊಟ್ಟೆ ತುಂಬಿಹೋಗುತ್ತದೆ, "ಕು"ವಿನ ಕೊಂಬು ಪಕ್ಕದ ಗೆರೆಗೆ ಅಂಟುತ್ತದೆ. ಸ್ವಲ್ಪ ದೊಡ್ಡದಾಗಿ, ಗೆರೆಗಳ ಮಧ್ಯೆ ಜಾಗ ಬಿಟ್ಟು ಹಾಕಿಸಬೇಕಾಗುತ್ತದೆ. ಮತ್ತೆ, ವಚನ ಗೊತ್ತಿಲ್ಲದವರು ಬರೀ "ಸಾಕು" ಅಂತ ಓದಿದರೆ ಇವಳಿಗೆ ಜೀವನವೇ ಸಾಕಾಗಿದೆ ಅಂದುಕೊಳ್ಳಬಹುದು! ನಗಬೇಡಿ, ಇಂಟರ್‌ವ್ಯೂನಲ್ಲಿ ಕೇಳಿದರೆ ವಿವರಿಸಬೇಕಾಗುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ, ಹಾಕಿಸಿಕೊಳ್ಳದೇ ಇರುವುದರಿಂದ ವಿಶ್ವಾಸಕ್ಕೇನೂ ಕಡಿಮೆಯಾಗುವುದಿಲ್ಲ. ಅಜ್ಜಿಯ ಅಕ್ಷರವನ್ನು ಬಳೆಯ ಮೇಲೆ ಕೆತ್ತಿಸಬಹುದು, ಆ ಪುಟಕ್ಕೆ ಫ್ರೇಮ್ ಹಾಕಿಸಬಹುದು. ಆದರೆ ಅಮ್ಮನ ಬಾಯಿ ಮುಚ್ಚಿಸಲು ಆಸೆಯನ್ನು ಅದುಮಿಟ್ಟುಕೊಂಡರೆ ಅದು ಒಳಗೊಳಗೇ ಸಿಟ್ಟಾಗುತ್ತದೆ, ಅದೂ ಒಳ್ಳೆಯದಲ್ಲ. ಈಗಲೇ ಹೋಗಿ ಹಾಕಿಸಿಕೊಂಡರೆ ಪಾಪ ಅಂತ ನಾನು ಅನ್ನುವುದಿಲ್ಲ, ಆತುರ ಅನ್ನುತ್ತೇನೆ. ನಾನು ಹೇಳೋದು ಮೂರನೆಯದು: ಅಜ್ಜಿ ಹೋಗಿ ವರ್ಷ ತುಂಬಲಿ, ಅದರ ಮೇಲೆ ಇನ್ನೂ ಆರು ತಿಂಗಳು ಕಳೆಯಲಿ. ಈ ಮಧ್ಯೆ ಆ ಅಕ್ಷರವನ್ನು ಅಂಟಿಸುವ ತಾತ್ಕಾಲಿಕ ಟ್ಯಾಟೂ ಮಾಡಿಸಿ ಎರಡು ವಾರ ಹಾಕಿಕೊಂಡು ಓಡಾಡಿ. ಬ್ಲ್ಯಾಕ್ ಹೆನ್ನಾ ಅಂತ ಮಾರುವುದನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಬೆರೆಸುವ ಕೂದಲ ಬಣ್ಣದ ರಾಸಾಯನಿಕಕ್ಕೆ ಚರ್ಮ ಸುಟ್ಟು ಬೊಬ್ಬೆ ಬಂದವರಿದ್ದಾರೆ. ಎರಡು ವಾರ ಆಫೀಸಿನಲ್ಲಿ, ಸಂಡೇ ಸ್ಕೂಲಿನಲ್ಲಿ, ಅಮ್ಮನ ಮುಂದೆ ಅದು ಹೇಗಿರುತ್ತೆ ಅಂತ ನಿಮಗೇ ಗೊತ್ತಾಗುತ್ತದೆ. ಆಗಲೂ ಆಸೆ ಇದ್ದರೆ, ಅಮ್ಮನಿಗೆ ದಿನ ಹೇಳಿ ಹೋಗಿ. ಒಪ್ಪದಿದ್ದರೂ ಹೇಳಿ ಹೋಗಿ.

ಅದಕ್ಕೆ ಮೊದಲು ಇವತ್ತೋ ನಾಳೆಯೋ ಅಜ್ಜಿಯ ಬೈಬಲ್ ತೆಗೆದುಕೊಂಡು ಅಮ್ಮನ ಪಕ್ಕ ಕೂತುಕೊಳ್ಳಿ. ಟ್ಯಾಟೂ ಸುದ್ದಿ ಎತ್ತಬೇಡಿ. ಆ ಪುಟ ತೆಗೆದು, ಅಜ್ಜಿ ಇದನ್ನು ಯಾವಾಗ ಬರೆದರು, ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ಕೇಳಿ. ನಿಮ್ಮ ಪತ್ರದಲ್ಲಿ ಅದು ಇರಲಿಲ್ಲ. ಅಮ್ಮನಿಗೆ ಗೊತ್ತಿರಬಹುದು.